ಗೇಟಿಗೆ ಬಣ್ಣ ಬಳಿದ ಮೇಲೆ ಪರೀಕ್ಷೆ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ದಾವಣಗೆರೆಯಲ್ಲಿ ರಿಟೈರ್ ಆಗುವ ವಯಸ್ಸಿನಲ್ಲಿ ಅದನ್ನು ಪಾಸು ಮಾಡಿದ ಹೆಂಗಸೊಬ್ಬಳಿದ್ದಾಳೆ ಎಂದು ಯಾರೋ ಅವರಿಗೆ ಹೇಳಿರುತ್ತಾರೆ. "ಮೇಡಮ್, ಯಾವ ಬುಕ್ ಓದಿದ್ರಿ?" ಎಂಬುದೇ ಮೊದಲ ಪ್ರಶ್ನೆ. ಬುಕ್ಕಿನ ಹೆಸರು ಹೇಳುತ್ತೇನೆ. ಬರೆದುಕೊಂಡು, ಥ್ಯಾಂಕ್ಸ್ ಹೇಳಿ, ಇಟ್ಟುಬಿಡುತ್ತಾರೆ. ಭಾನುವಳ್ಳಿಯ ಗೇಟಿನ ವಿಷಯ ಬರುವವರೆಗೆ ಯಾರೂ ಲೈನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬರೆದಿಡುವುದೇ ವಾಸಿ ಅನಿಸಿತು.

ನಾನು ಕೆಲಸ ಮಾಡಿದ್ದು ಹರಿಹರದ ಒಂದು ಪಂಪ್ ಕಂಪನಿಯಲ್ಲಿ. ಪಂಪ್ ಮಾಡಿ ಮಾರುವುದಷ್ಟೇ ಅಲ್ಲ, ಹಳ್ಳಿಗಳಿಗೆ ಕುಡಿಯುವ ನೀರಿನ ಪಂಪ್‌ಹೌಸ್ ಕಟ್ಟಿ, ಪೈಪು ಎಳೆದು, ನಲ್ಲಿಯಲ್ಲಿ ನೀರು ಬೀಳಿಸಿ ಕೊಡುವ ಕಾಂಟ್ರ್ಯಾಕ್ಟೂ ಇತ್ತು. ಸೇರಿದ್ದು ಟೈಪಿಸ್ಟ್ ಆಗಿ. ಕಂಪನಿ ಕಟ್ಟಿದ ಯಜಮಾನರು ಹಾಲಪ್ಪನವರು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅರ್ಜಿಯಲ್ಲಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಏನವ್ವಾ, ಇಂಗ್ಲಿಷ್‌ನಾಗೆ ಬೈಯಾಕ ಬರ್ತೈತಾ?"

"ಸಿಸ್ಟರ್‌ಗಳು ಬೈಯೋದು ಕಲಿಸಿಲ್ಲ ಸರ್. ಬೈಸಿಕೊಳ್ಳೋದು ಕಲಿಸಿದಾರೆ."

"ಅಷ್ಟು ಸಾಕು ಬಿಡು. ನಮಗ ಬರೋ ಲೆಟರೆಲ್ಲ ಬೈಗುಳಾನೇ. ಓದಿ ಹೇಳಾಕ ಒಬ್ರು ಬೇಕಾಗಿತ್ತು."

ಟೈಪಿಸ್ಟ್ ಕುರ್ಚಿಯಿಂದ ಪ್ಲಾನಿಂಗ್ ಸೆಕ್ಷನ್ನಿನ ಕುರ್ಚಿಗೆ ಹೇಗೆ ಬಂದೆ ಎಂಬುದು ಬೋರಿಂಗ್ ಸಂಗತಿ. ಕುರ್ಚಿಗಳು ಖಾಲಿಯಾಗುತ್ತಿದ್ದವು, ನಾನು ಹತ್ತಿರದಲ್ಲಿ ಕೂತಿರುತ್ತಿದ್ದೆ.

ಆಗ ಪ್ಲಾನಿಂಗ್ ಎಂದರೆ ಬಟರ್ ಪೇಪರ್, ಸ್ಕೇಲು ಮತ್ತು ಬಣ್ಣದ ಪೆನ್ಸಿಲ್. ಅಗೆತಕ್ಕೆ ಕಂದು, ಪೈಪಿಗೆ ನೀಲಿ, ಕರೆಂಟಿಗೆ ಕೆಂಪು. ಕೆಲಸ ತಡವಾದಾಗಲೆಲ್ಲ ಗೆರೆಯನ್ನು ರಬ್ಬರಿನಿಂದ ಅಳಿಸಿ ಮುಂದಕ್ಕೆ ಎಳೆಯಬೇಕು. ಮತ್ತೆ ಮತ್ತೆ ಅಳಿಸಿದ ಜಾಗದಲ್ಲಿ ಕಾಗದ ತೂತು ಬೀಳುತ್ತಿತ್ತು. ಆ ತೂತನ್ನು ನೋಡಿದರೆ ಸಾಕು, ಸೈಟಿನಲ್ಲಿ ತೊಂದರೆ ಎಲ್ಲಿದೆ ಎಂದು ತಿಳಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಎಷ್ಟು ಸಲ ಡೇಟ್ ಬದಲಿಸಿದರೂ ಸ್ಕ್ರೀನ್ ತೂತಾಗಲಿಲ್ಲ. ತೊಂದರೆ ಎಲ್ಲಿದೆ ಎಂದು ಹುಡುಕಲು ಮೀಟಿಂಗ್ ಕರೆಯುವುದು ಅಂದಿನಿಂದ ಶುರುವಾಯಿತು.

ಸೈಟಿನಲ್ಲಿ ಜನರನ್ನು ನಡೆಸುತ್ತಿದ್ದವರು ಫೋರ್‌ಮನ್ ದಾದಾಪೀರ್. ಸೈಟಿನಿಂದ ಅವರು ನನ್ನನ್ನು ಕೇಳುತ್ತಿದ್ದರು, ನಾನು ಯಜಮಾನರನ್ನು ಕೇಳುತ್ತಿದ್ದೆ, ಯಜಮಾನರು ಹೇಳಿದ್ದನ್ನು ದಾದಾಪೀರ್‌ಗೆ ಹೇಳುತ್ತಿದ್ದೆ. ಕಲ್ಲು ಸಿಕ್ಕಿದೆ, ಪೈಪು ಸುತ್ತು ಹಾಕಿ ಒಯ್ಯೋದಾ? ಕೇಳಿ ಹೇಳ್ತೀನಿ. ಊರಿನವರು ದಾರಿ ಬಿಡ್ತಿಲ್ಲ, ಏನು ಮಾಡೋದು? ಕೇಳಿ ಹೇಳ್ತೀನಿ. ಈ ಪದ್ಧತಿಯಲ್ಲಿ ಬೆಳೆದವಳಿಗೆ ನಿರ್ಧಾರವೆಂಬುದು ಯಾವಾಗಲೂ ಪಕ್ಕದ ರೂಮಿನಲ್ಲಿ ಇರುವ ವಸ್ತು.

ಹಾಲಪ್ಪನವರಿಗೆ ಇನ್ನೊಂದು ಪದ್ಧತಿ ಇತ್ತು. ಯಾವ ಪಂಪ್‌ಹೌಸನ್ನೂ ಪೂರ್ತಿ ಮುಗಿಸುತ್ತಿರಲಿಲ್ಲ. ನೀರು ಬರುತ್ತಿತ್ತು, ದೀಪ ಉರಿಯುತ್ತಿತ್ತು, ಪೂಜೆಯಾಗಿ ಕೋಸಂಬರಿ ಹಂಚಿಯೂ ಆಗಿರುತ್ತಿತ್ತು. ಆದರೆ ಎರಡು ರೆಕ್ಕೆಯ ಕಬ್ಬಿಣದ ಗೇಟಿನಲ್ಲಿ ಒಂದಕ್ಕೆ ಹಸಿರು ಬಣ್ಣ ಬಳಿದು, ಇನ್ನೊಂದನ್ನು ತುಕ್ಕು ಹಿಡಿಯದಂತೆ ಬಳಿದ ರೆಡ್ ಆಕ್ಸೈಡಿನಲ್ಲೇ ಬಿಡುತ್ತಿದ್ದರು. "ಪೂರಾ ಮುಗಿಸಿದ್ರೆ ಕಣ್ಣು ಬೀಳ್ತೈತೆ ಅವ್ವಾ. ಚೊಕ್ಕ ಇರೋ ಕೂಸಿಗೆ ಗಲ್ಲದ ಮ್ಯಾಲೆ ಕಾಡಿಗೆ ಬೊಟ್ಟು ಇಡಲ್ವಾ? ಇದೂ ಹಂಗೇ." ಮಾಯಕೊಂಡದ ಕಡೆ ಹೋದರೂ, ಹರಿಹರ ತಾಲ್ಲೂಕಿನಲ್ಲಿ ಓಡಾಡಿದರೂ, ಒಂದು ಹಸಿರು ಒಂದು ಕೆಂಪು ರೆಕ್ಕೆಯ ಗೇಟು ಕಂಡರೆ ಅದು ನಮ್ಮದೇ. ಕಂಪನಿಯ ಬೋರ್ಡು ಹಾಕುವ ಅಗತ್ಯವಿರಲಿಲ್ಲ.

ಯಜಮಾನರಿಗೆ ಮಂಡಿನೋವು ಬಂದು ಮನೆಯಲ್ಲಿ ಕೂತ ಮೇಲೆ ಮಗ ಕಿರಣ್ ಎಂ.ಡಿ. ಆದ. ಅವನ ಕಾಲಕ್ಕೆ ಬಂದದ್ದು ನದಿಯ ಕೆಲಸ. ಉಕ್ಕಡಗಾತ್ರಿಯಿಂದ ಸ್ವಲ್ಪ ದೂರದಲ್ಲಿ ತುಂಗಭದ್ರೆಯ ಪಾತ್ರದಲ್ಲೇ ಬಾವಿ ಇಳಿಸಿ, ಅಲ್ಲಿಂದ ನೀರೆತ್ತಿ ಹಳ್ಳಿಗಳಿಗೆ ಕೊಡುವ ಸ್ಕೀಮು. ಅದರ ಸರ್ವೆಗೆ ನಾನೇ ಹೋಗಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ದಂಡೆಯುದ್ದಕ್ಕೂ ನಡೆದಿದ್ದೆ. ರಿಟೈರ್‌ಮೆಂಟ್ ಹತ್ತಿರವಿತ್ತು. ಅಷ್ಟು ವರ್ಷ ಎಲ್ಲ ಕೆಲಸದ ಕಾಗದವೂ ನನ್ನ ಕೈಯಿಂದ ಹೋಗಿತ್ತು, ಆದರೆ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಜಾಗದಲ್ಲಿ ಬೇರೆಯವರ ಹೆಸರು. ಈ ಒಂದು ಕೆಲಸವನ್ನು ನಾನೇ ನಡೆಸಬೇಕೆಂಬ ಆಸೆ ಹುಟ್ಟಿತು. ಆ ವಯಸ್ಸಿಗೆ ಆಸೆ ಹುಟ್ಟುವುದು ಸ್ವಲ್ಪ ಎಂಬರಾಸಿಂಗ್, ಮೊಡವೆ ಎದ್ದ ಹಾಗೆ.

ಆದರೆ ಟೆಂಡರಿನಲ್ಲಿ ಒಂದು ಷರತ್ತು: ಕೆಲಸ ನಡೆಸುವವರ ಬಳಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇರಬೇಕು. ಕಿರಣ್ ಕರೆದು ಹೇಳಿದ:

"ಮೇಡಮ್, ಪುಣೆಯಿಂದ ಒಬ್ರು ಬರ್ತೀನಿ ಅಂದಾರೆ. ಅವರತ್ರ ಸರ್ಟಿಫಿಕೇಟ್ ಐತೆ. ನೀವು ಅವರಿಗೆ ಅಸಿಸ್ಟ್ ಮಾಡ್ರಿ."

"ಟೆಂಡರ್ ಹಾಕೋದು ಯಾವಾಗ?"

"ದೀಪಾವಳಿ ಆದ್ಮೇಲೆ."

"ಅಷ್ಟರೊಳಗೆ ನಾನೇ ಸರ್ಟಿಫಿಕೇಟ್ ತಗೊಂಡ್ರೆ?"

ಅವನು ನನ್ನ ಮುಖ ನೋಡಿದ. ಆಮೇಲೆ ಕೊರಳಿಗೆ ತೂಗುಬಿಟ್ಟಿದ್ದ ಕನ್ನಡಕ ನೋಡಿದ.

"ಎಕ್ಸಾಮ್ ಐತೆ ಮೇಡಮ್."

"ಗೊತ್ತು."

"ಫೇಲಾದ್ರೆ ಬೇಜಾರಾಗ್ತೈತೆ."

"ಯಾರಿಗೆ?"

"ಸರಿ. ಪುಣೆಯವರಿಗೆ ದೀಪಾವಳಿ ತನಕ ಕಾಯ್ರಿ ಅಂತೀನಿ."

ದಾವಣಗೆರೆಯಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಈ ಪರೀಕ್ಷೆಗೆ ಕೋಚಿಂಗ್ ಕ್ಲಾಸ್ ಇತ್ತು. ಪಾಠ ಮಾಡುತ್ತಿದ್ದವಳು ಸಾನಿಯಾ, ನಮ್ಮ ಊರಿನದೇ ಹುಡುಗಿ, ಮಂಡಿಪೇಟೆಯಲ್ಲಿ ಅವರಪ್ಪನದು ಟ್ರಂಕಿನ ಅಂಗಡಿ. ಮೊದಲ ದಿನ ನಾನು ಒಳಗೆ ಹೋದಾಗ "ಆಂಟಿ, ಪೇರೆಂಟ್ಸ್ ಕೆಳಗೆ ವೇಟ್ ಮಾಡಬಹುದು" ಎಂದಳು. ನಾನು ಬೆಂಚಿನಲ್ಲಿ ಕೂತೆ. ಅವಳು ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡಳು.

ಪರೀಕ್ಷೆಯ ಪ್ರಶ್ನೆಗಳೆಲ್ಲ ಕಥೆಗಳು. ಹೀಗೆ ಆಗಿದೆ, ಹಾಗೆ ಆಗಿದೆ, ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು? ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಒಂದು ಪ್ರಶ್ನೆ ಇನ್ನೂ ನೆನಪಿದೆ. ಕೆಲಸಕ್ಕೆ ಬಹಳ ಬೇಕಾದ ಒಬ್ಬ ವ್ಯಕ್ತಿ ಇದ್ದಕ್ಕಿದ್ದಂತೆ ಮೀಟಿಂಗ್‌ಗೆ ಬರುವುದನ್ನು ನಿಲ್ಲಿಸಿದ್ದಾನೆ.

"ಹೇಳ್ರಿ ಆಂಟಿ, ಮೊದಲು ಏನು ಮಾಡ್ತೀರಿ?"

"ಅವರ ಮನೇಲಿ ಯಾರು ಹೋದರು ಅಂತ ವಿಚಾರಿಸ್ತೀನಿ."

"ಯಾರೂ ಹೋಗಿಲ್ಲ!"

"ಹಂಗಾದ್ರೆ ಯಾರದ್ದು ಮದುವೆ?"

"ಆಂಟಿ, ಎ ಬಿ ಸಿ ಡಿ ಒಳಗೆ ಹೇಳ್ರಿ."

ಎ ಬಿ ಸಿ ಡಿ ಒಳಗೆ ಸಾವೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಅಂಥ ಪ್ರಾಜೆಕ್ಟುಗಳು ಯಾವ ಊರಿನಲ್ಲಿ ನಡೆಯುತ್ತವೋ ಗೊತ್ತಿಲ್ಲ.

ನನ್ನ ದೊಡ್ಡ ತೊಂದರೆ ಬೇರೆ ಇತ್ತು. ನಾಲ್ಕರಲ್ಲಿ ಒಂದು ಉತ್ತರ ಹೆಚ್ಚಾಗಿ 'ಸ್ಪಾನ್ಸರ್ ಅವರನ್ನು ಕೇಳಿ' ಎಂದಿರುತ್ತಿತ್ತು. ಸ್ಪಾನ್ಸರ್ ಎಂದರೆ ನಮ್ಮ ಲೆಕ್ಕದಲ್ಲಿ ಯಜಮಾನರು. ನನ್ನ ಪೆನ್ಸಿಲ್ ತಾನಾಗಿಯೇ ಅಲ್ಲಿಗೆ ಹೋಗಿ ಟಿಕ್ ಮಾಡುತ್ತಿತ್ತು. ಅದು ತಪ್ಪು ಉತ್ತರ. ಮಾಕ್ ಟೆಸ್ಟಿನ ಪೇಪರನ್ನು ತಿರುವಿ ನೋಡಿ ಸಾನಿಯಾ ಕೇಳಿದಳು: "ಆಂಟಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಎಲ್ಲಾದಕ್ಕೂ ಯಜಮಾನ್ರನ್ನ ಕೇಳೋದಾದ್ರೆ ನಿಮ್ಮನ್ನ ಯಾಕ ಇಟ್ಕೊಂಡಾರೆ?"

ಬೇಜಾರೇನೂ ಆಗಲಿಲ್ಲ. ಕ್ಲಾಸು ಮುಗಿಸಿ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಹರಿಹರ ಬಂದದ್ದು ಗೊತ್ತಾಗದೆ ಸ್ಟಾಪು ದಾಟಿ, ನದಿಯ ಸೇತುವೆ ಕಳೆದ ಮೇಲೆ ಕಂಡಕ್ಟರ್ ಬೈದು ಇಳಿಸಿದ.

ಪರೀಕ್ಷೆಗೆ ಮುಂಚೆ ಅರ್ಜಿ ಹಾಕಬೇಕು. ನೀವು ನಡೆಸಿಕೊಟ್ಟ ಕೆಲಸಗಳು ಯಾವುವು, ಯಾವಾಗ ಶುರುವಾದವು, ಯಾವಾಗ ಮುಗಿದವು ಎಂದು ಬರೆಯಬೇಕು. ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು ನಾನು, ಸುಳ್ಳು ಬರೆಯಲು ಕೈ ಏಳುವುದಿಲ್ಲ. ನಮ್ಮ ಯಾವ ಪಂಪ್‌ಹೌಸೂ ಮುಗಿದಿರಲಿಲ್ಲ. ಒಂದೊಂದರಲ್ಲೂ ಗೇಟಿನ ಒಂದು ರೆಕ್ಕೆ ಬಾಕಿ, ಒಂದಕ್ಕೂ ಮುಕ್ತಾಯದ ಪತ್ರವಾಗಿಲ್ಲ. ಹಾಗಾಗಿ ಎಲ್ಲದರ ಮುಂದೆಯೂ 'ಇನ್ನೂ ನಡೆಯುತ್ತಿದೆ' ಎಂದು ಪ್ರಾಮಾಣಿಕವಾಗಿ ತುಂಬಿದೆ.

ಕೆಲವು ದಿನ ಬಿಟ್ಟು ಉತ್ತರ ಬಂತು. ಸಾನಿಯಾ ಓದಿ, ಫೋನನ್ನು ಟೇಬಲ್ ಮೇಲಿಟ್ಟು, ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

"ಆಂಟಿ, ಇವರ ಲೆಕ್ಕದ ಪ್ರಕಾರ ನೀವು ವರ್ಷಾನುಗಟ್ಲೆಯಿಂದ ಎಲ್ಲಾ ಕೆಲ್ಸಾನೂ ಒಟ್ಟಿಗೇ ಮಾಡ್ತಿದ್ದೀರಿ. ದಿನದಾಗಿರೋ ತಾಸು ಸಾಲ್ತಿಲ್ಲ. ನಿದ್ದಿ ಮಾಡಿಲ್ಲ, ಊಟ ಮಾಡಿಲ್ಲ."

"ಊಟ ಮಾಡಿದೀನಿ."

"ಅದನ್ನ ಪ್ರೂವ್ ಮಾಡೋದು ಬ್ಯಾಡ. ಒಂದು ಕೆಲ್ಸನಾದ್ರೂ ಮುಗಿದೈತೆ ಅಂತ ಪ್ರೂವ್ ಮಾಡ್ರಿ. ಮಾಡಿಸ್ಕೊಂಡವರ ಸಹಿ ಬೇಕಂತೆ. ಇಲ್ಲಾಂದ್ರೆ ಅರ್ಜಿ ರಿಜೆಕ್ಟ್, ಒಂದು ವರ್ಷ ಮತ್ತೆ ಹಾಕಂಗಿಲ್ಲ."

ಒಂದು ವರ್ಷವೆಂದರೆ ನದಿಯ ಕೆಲಸ ಪುಣೆಯವರದು.

ಅರ್ಜಿಯಲ್ಲಿ ಕೊನೆಯದಾಗಿ ಬರೆದ ಕೆಲಸ ಭಾನುವಳ್ಳಿಯದು. ಅದನ್ನೇ ಮುಗಿಸುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿ, ಅಭ್ಯಾಸಬಲದಿಂದ ಹಾಲಪ್ಪನವರ ಮನೆಗೆ ಕೇಳಲು ಹೋದೆ. ಅವರು ಜಗಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಡಾಕ್ಟರು ಮಿರ್ಚಿ ಭಜಿ ಬಿಡಿಸಿದ್ದರಿಂದ ತಟ್ಟೆಯ ಪಕ್ಕದಲ್ಲಿ ಒಂದನ್ನು ಸುಮ್ಮನೆ ನೋಡಲು ಇಟ್ಟುಕೊಂಡಿದ್ದರು.

"ಭಾನುವಳ್ಳಿ ಗೇಟಿಗೆ ಬಣ್ಣ ಹೊಡೆಸ್ತೀನಿ ಸರ್."

"ಯಾಕ?"

ಹೇಳಿದೆ. ಅವರು ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕಣ್ಣು ಬೀಳ್ತೈತೆ ಅಂತ ಹೇಳ್ತಿದ್ನಲ್ಲ, ಅದು ಅರ್ಧ ಸುಳ್ಳವ್ವಾ. ಕೆಲಸ ಮುಗೀತಂದ್ರೆ ಯಾರೂ ಫೋನ್ ಮಾಡಲ್ಲ. ಬಾಕಿ ಐತೆ ಅಂದ್ರೆ ಮಾಡ್ತಾರೆ. ಬೈಯಾಕಾದ್ರೂ ಮಾಡ್ತಾರೆ. ಈಗಲೂ ಮಾಡ್ತಾರೆ ನೋಡು." ಅಂಗಿಯ ಜೇಬಿನಲ್ಲಿದ್ದ ಫೋನನ್ನು ತಟ್ಟಿ ತೋರಿಸಿದರು. ಆಮೇಲೆ, "ಒಂದೇ ಗೇಟು ಅಲ್ಲಾ? ಹಚ್ಚು ಹೋಗು. ಉಳಿದವು ಇರ್ಲಿ" ಎಂದರು.

ದಾದಾಪೀರ್ ಒಂದು ಡಬ್ಬಿ ಹಸಿರು ಪೇಂಟು, ಎರಡು ಬ್ರಷ್ಷು ತಂದರು. ಭಾನುವಳ್ಳಿ ಪಂಪ್‌ಹೌಸಿನ ಮುಂದೆ ಜೀಪ್ ನಿಲ್ಲಿಸಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಹಾಗೆ, ನೀರಾವರಿ ಚಾನೆಲ್ ಕಡೆಯಿಂದ ಪಂಚಾಯ್ತಿ ಅಧ್ಯಕ್ಷೆ ಗೌರಮ್ಮ ಬಂದರು. ಹಿಂದೆ ಹತ್ತಾರು ಜನ. ನಮ್ಮನ್ನು ಸ್ವಾಗತಿಸಲು ಬಂದಿದ್ದಾರೆಂದು ನಾನು ಕೈ ಮುಗಿದೆ.

"ಸಾಬರೇ, ಬ್ರಷ್ ಕೆಳಗಿಡ್ರಿ," ಎಂದರು ಗೌರಮ್ಮ.

ದಾದಾಪೀರ್ ಕೆಳಗಿಟ್ಟರು. "ಅರೆ, ಬಣ್ಣ ತಾನೇ ಅಧ್ಯಕ್ಷರೇ, ನಿಮ್ಮ ಗೇಟಿಗೇ ಅಲ್ವಾ? ಚೆಂದ ಕಾಣ್ತೈತೆ."

"ಚೆಂದ ಯಾರಿಗೆ ಬೇಕಾಗೈತೆ? ಮೋಟ್ರು ಸುಟ್ರೆ ನಿಮ್ಮ ಯಜಮಾನ್ರಿಗೆ ಫೋನ್ ಮಾಡ್ತೀವಿ. 'ಅಪ್ಪಾ, ಗೇಟು ಹಂಗೇ ಐತೆ' ಅಂತೀವಿ. 'ಹೌದವ್ವಾ, ಕೆಲ್ಸ ಬಾಕಿ ಐತೆ' ಅಂತ ಮೆಕ್ಯಾನಿಕ್‌ನ ಕಳಿಸ್ತಾರೆ. ನಾಳೆ ಬಣ್ಣ ಬಿದ್ಮೇಲೆ ಯಾರ್ ಬರ್ತಾರೆ? ನೀವ್ ಬರ್ತೀರಾ?"

ಹಿಂದಿನಿಂದ ಒಬ್ಬ ಮುದುಕ, "ಆ ಕೆಂಪು ರೆಕ್ಕೀನೇ ನಮ್ಮ ಗ್ಯಾರಂಟಿ ಕಾರ್ಡು ತಾಯಿ," ಎಂದ.

ಮೂವತ್ತು ಹಳ್ಳಿ ತಿರುಗಿದ್ದೆ. ಕೆಲಸ ಮುಗಿಸಿಲ್ಲವೆಂದು ಬೈಸಿಕೊಂಡಿದ್ದೆ, ಮುಗಿಸಲು ಬಂದಿದ್ದಕ್ಕೆ ಬೈಸಿಕೊಂಡದ್ದು ಅದೇ ಮೊದಲು. ಬುಕ್ಕಿನಲ್ಲಿ ಇಂಥ ಕಡೆ, ಎದುರಿನವರಿಗೆ ನಿಜವಾಗಿ ಏನು ಬೇಕೆಂದು ಕೇಳಿ ಎಂದಿತ್ತು. ಬೇರೇನೂ ತೋಚದೆ ಅದನ್ನೇ ಕೇಳಿದೆ.

"ಬಣ್ಣ ಬ್ಯಾಡ ಅನ್ನೋದು ಸರಿ. ನಿಮಗೆ ಬೇಕಾದ್ದೇನು ಅಧ್ಯಕ್ಷರೇ?"

ಗೌರಮ್ಮ ಯೋಚಿಸಿದರು. ಈ ಪ್ರಶ್ನೆಯನ್ನು ಅವರಿಗೂ ಯಾರೂ ಕೇಳಿದಂತಿರಲಿಲ್ಲ. "ಬರೋ ಬೇಸಿಗಿ ದಾಟಿಸ್ರಿ. ನಮ್ಮೂರಾಗೆ ಒಬ್ಬರಿಗೆ ರಿಪೇರಿ ಕಲಿಸ್ರಿ. ಆಮ್ಯಾಲೆ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ."

ಕಿರಣ್‌ಗೆ ಫೋನ್ ಮಾಡಿ, ಇದನ್ನು ಬರೆದುಕೊಡುತ್ತೇನೆಂದು ಹೇಳಿದೆ. "ಅಪ್ಪಾಜಿ ಬಾಯ್ಮಾತಲ್ಲಿ ಮಾಡ್ತಿದ್ದಿದ್ದನ್ನ ನೀವು ಬರೆದೇ ಕೊಡ್ತೀರಾ ಮೇಡಮ್?" ಎಂದು ಅವನು ಕೂಗಾಡಿದ.

"ಒಂದು ಬೇಸಿಗೆಗೆ ಮಾತ್ರ. ಅಪ್ಪಾಜಿ ಮಾತಿಗೆ ಕೊನೆಯೇ ಇರಲಿಲ್ಲ."

ಅವನು ಲೆಕ್ಕ ಹಾಕಿ, "ಹಂಗಾದ್ರೆ ಇದು ಲಾಭ ಅಲ್ವಾ?" ಎಂದ.

"ಲಾಭಾನೇ."

"ಕೊಡ್ರಿ ಹಂಗಾದ್ರೆ."

ಬರೆದುಕೊಟ್ಟೆ. ಗೌರಮ್ಮ ಓದಿಸಿ ಕೇಳಿದರು, ಇನ್ನೊಮ್ಮೆ ಓದಿಸಿದರು. ದಾದಾಪೀರ್ ಕೆಂಪು ರೆಕ್ಕೆಗೆ ಹಸಿರು ಬಳಿದರು. ಬಳಿದ ಮೇಲೆ ನೋಡಿದರೆ ಹಳೆಯ ರೆಕ್ಕೆ ಬಿಸಿಲಿಗೆ ಮಾಸಿ, ಎರಡೂ ಬೇರೆ ಬೇರೆ ಹಸಿರಾಗಿ ಕಾಣುತ್ತಿದ್ದವು. "ಮುಗ್ಸೋದಾದ್ರೆ ನೆಟ್ಟಗೆ ಮುಗ್ಸಿ," ಎಂದು ಗೌರಮ್ಮ ಹಳೆಯದಕ್ಕೂ ಬಳಿಸಿ, ಆಮೇಲೆ ಸಹಿ ಹಾಕಿದರು. ಅರ್ಜಿ ಒಪ್ಪಿಗೆಯಾಯಿತು.

ಪರೀಕ್ಷೆ ಬರೆದದ್ದು ಮನೆಯಲ್ಲೇ, ಕಂಪ್ಯೂಟರಿನಲ್ಲಿ. ಎಲ್ಲಿಂದಲೋ ಒಬ್ಬರು ಕ್ಯಾಮೆರಾದಲ್ಲಿ ನಮ್ಮನ್ನು ಕಾಯುತ್ತಿರುತ್ತಾರೆ, ಅವರ ಮುಖ ನಮಗೆ ಕಾಣುವುದಿಲ್ಲ. ರೂಮಿನಲ್ಲಿ ಬೇರೆ ಯಾರೂ ಇರಬಾರದು. ಶುರುವಾಗುವ ಮುಂಚೆ ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ನಿಮ್ಮ ಹಿಂದೆ ಇರುವ ವ್ಯಕ್ತಿಯನ್ನು ದಯವಿಟ್ಟು ಹೊರಗೆ ಕಳಿಸಿ. ತಿರುಗಿ ನೋಡಿದರೆ ನಮ್ಮ ಅತ್ತೆಯವರ ಫೋಟೋ, ಗಂಧದ ಹಾರ ಹಾಕಿದ್ದು. ಅವರು ಬದುಕಿಲ್ಲ ಎಂದು ಟೈಪ್ ಮಾಡಿದೆ. ಸಂತಾಪವಿದೆ, ಆದರೂ ಹೊರಗೆ ಕಳಿಸಿ ಎಂದು ಉತ್ತರ ಬಂತು. ಅತ್ತೆಯವರನ್ನು ಅಡುಗೆಮನೆಯಲ್ಲಿ ಕೂರಿಸಿ ಬಂದೆ. ಬದುಕಿದ್ದಾಗ ಅವರನ್ನು ಯಾರೂ ಹಾಗೆ ಎಬ್ಬಿಸಿ ಕಳಿಸಿರಲಿಲ್ಲ.

ಯಜಮಾನರನ್ನು ಕೇಳಿ ಎಂಬ ಉತ್ತರ ಎದುರಾದಾಗಲೆಲ್ಲ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮುಂದಿನದನ್ನು ಓದಿದೆ. ಪಾಸಾದೆ. ಸಾನಿಯಾ ಬೇಕರಿಯಿಂದ ಖಾರ ಬನ್ ತರಿಸಿ ಇಡೀ ಕ್ಲಾಸಿಗೆ ಹಂಚಿದಳು. ಆ ದಿನದಿಂದ ಅವಳು ನನ್ನನ್ನು ಮೇಡಮ್ ಎನ್ನತೊಡಗಿದಳು, ನನಗೆ ಆಂಟಿಯೇ ಚೆನ್ನಾಗಿತ್ತು ಅನಿಸಿತು. ಕಿರಣ್, "ನಿಜವಾಗ್ಲೂನಾ?" ಎಂದು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದ. ಪುಣೆಯವರಿಗೆ ಬರುವುದು ಬೇಡವೆಂದು ತಿಳಿಸಿದ. ಟೆಂಡರ್ ನಮಗಾಯಿತು. ನದಿಯ ಕೆಲಸ ನನ್ನ ಹೆಸರಿಗೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಹುಡುಗರಿಗೆ ಖುಷಿಯಾಗುತ್ತದೆ. ಆದರೆ ಸರ್ಟಿಫಿಕೇಟ್ ಬಂದ ದಿನ ನಾನು ಪ್ರಾಜೆಕ್ಟ್ ಮ್ಯಾನೇಜರ್ ಆದೆನೆಂದು ಹೇಳಿದರೆ ಅದು ಸರಿಯಾಗುವುದಿಲ್ಲ.

ನದಿಯೊಳಗೆ ಬಾವಿ ಇಳಿಸಬೇಕಾದರೆ ಸುತ್ತ ಮಣ್ಣಿನ ಒಡ್ಡು ಹಾಕಿ, ಒಳಗಿನ ನೀರನ್ನು ಹೊರಗೆ ಬಳಿದು, ನದಿಯ ಮಟ್ಟಕ್ಕಿಂತ ಕೆಳಗಿಳಿದು ಕೆಲಸ ಮಾಡಬೇಕು. ಮಳೆಗಾಲ ಹಿಡಿಯುವುದರೊಳಗೆ ತಳದ ಕಾಂಕ್ರೀಟ್ ಮುಗಿಯಬೇಕಿತ್ತು. ಕೊನೆಯ ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಸಿಮೆಂಟು, ಜಲ್ಲಿ, ಮಿಕ್ಸರು ಎಲ್ಲ ತಯಾರಾಗಿತ್ತು. ನಮ್ಮಲ್ಲಿ ಬಿಸಿಲು. ಅರ್ಧ ಆಳುಗಳು ಆಗಲೇ ಒಡ್ಡಿನ ಒಳಗೆ ಇಳಿದಿದ್ದರು. ದಾದಾಪೀರ್ ನೀರಿನಂಚಿನಿಂದ ಎದ್ದು ಬಂದರು.

"ಮೇಡಮ್, ನೀರು ಕೆಂಪಗಾಗ್ತಾ ಐತೆ. ಮ್ಯಾಲೆ ಎಲ್ಲೋ ಮಳೆ ಹೊಡೆದಂಗೈತೆ. ಬಂದ್ರೂ ಬರಬಹುದು, ಬರ್ದೇನೂ ಇರಬಹುದು. ಉಳಿದವ್ರನ್ನ ಇಳಿಸ್ಲಾ, ಒಳಗಿರೋರನ್ನ ಹತ್ತಿಸ್ಲಾ?"

ನಾನು ಹಿಂದೆ ತಿರುಗಿ ನೋಡಿದೆ.

"ಯಾರನ್ನ ನೋಡ್ತೀರಿ ಮೇಡಮ್?" ಎಂದರು ದಾದಾಪೀರ್, ತಾವೂ ಅತ್ತ ನೋಡುತ್ತ. ಅಲ್ಲಿ ಜೀಪೂ ಒಂದು ಜಾಲಿಗಿಡವೂ ಇದ್ದವು.

"ಯಾರನ್ನೂ ಇಲ್ಲ. ಹತ್ತಿಸ್ರಿ."

"ಎಲ್ಲಾರ್ನೂ?"

"ಎಲ್ಲಾರ್ನೂ. ಪಂಪ್‌ಸೆಟ್ಟೂ ಮೇಲೆ ಬರಲಿ."

ಹತ್ತಿಸಿದರು. ದಂಡೆಯ ಮೇಲೆ ಎಲ್ಲರೂ ಸಾಲಾಗಿ ಕೂತೆವು. ನದಿ ಎಂದಿನಂತೆ ಹರಿಯುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಉಂಡೆವು, ನದಿ ಎಂದಿನಂತೆಯೇ ಇತ್ತು. ಮಿಕ್ಸರಿಗೆ ಹಾಕಿದ್ದ ಮಾಲು ಗಟ್ಟಿಯಾಯಿತು. ಆಳುಗಳು ಒಮ್ಮೆ ನೀರು ನೋಡುವುದು, ಒಮ್ಮೆ ನನ್ನನ್ನು ನೋಡುವುದು ಮಾಡುತ್ತಿದ್ದರು. ಕಿರಣ್ ಫೋನ್ ಬಂತು.

"ಮೇಡಮ್, ಕೆಲಸ ನಿಂತೈತಂತೆ? ಯಾರು ನಿಲ್ಲಿಸಂದಿದ್ದು?"

"ನಾನು."

"ನೀರು ಬಂತಾ?"

"ಇನ್ನೂ ಇಲ್ಲ."

"ನನ್ನನ್ನ ಒಂದ್ ಮಾತು ಕೇಳಬಹುದಾಗಿತ್ತಲ್ರೀ."

"ಕೇಳಿದ್ರೆ ಏನಂತಿದ್ರಿ?"

ಅವನು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದ: "ಗೊತ್ತಿಲ್ಲ ಮೇಡಮ್."

"ಹೂಂ," ಎಂದೆ.

ನೀರು ಅಂದು ಬರಲಿಲ್ಲ. ಮಾರನೆಯ ದಿನ ಒಡ್ಡು ತುಂಬುವಷ್ಟು ಬಂತು. ಹೊಳೆ ಬಂತೆಂದು ಆಳುಗಳು ಕೂಗಿ ನನ್ನನ್ನು ಕರೆದರು, ಕಿರಣ್ ಫೋನ್ ಮಾಡಿ ಕಾಂಗ್ರಾಟ್ಸ್ ಎಂದ. ನನಗೆ ಮಾತ್ರ ಹಿಂದಿನ ದಿನದ ಸಂಜೆಯೇ ದೊಡ್ಡದಾಗಿ ಉಳಿದಿದೆ. ಇನ್ನೂ ನೀರು ಬಂದಿರಲಿಲ್ಲ, ಬರುವುದೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಹೊರಡುವ ಮುಂಚೆ ಒಡ್ಡಿನ ಮೇಲೆ ನಿಂತು ಒಳಗೆ ಬಗ್ಗಿ ನೋಡಿದೆ. ಕೆಳಗೆ ಒಬ್ಬರೂ ಇರಲಿಲ್ಲ.